ಒಂದು ಗೇಣು, ಮೇಲೆರಡು ಬೆರಳು

ಮೂವತ್ತೊಂದು ವರ್ಷ ಭೂಗೋಳ ಕಲಿಸಿದವಳು ನಾನು,
ವಿಸ್ತುಲಾ ನದಿಯಾಚೆಯ ಶಾಲೆಯ ಬೊಗುಮಿವಾ ಟೀಚರು.
ಗೋಡೆಯ ನಕ್ಷೆಗೆ ಅಂಗೈ ಚಾಚಿ ಹೇಳುತ್ತಿದ್ದೆ:
ವಾರ್ಸಾದಿಂದ ಲಿಸ್ಬನ್ನಿಗೆ
ಒಂದು ಗೇಣು, ಮೇಲೆರಡು ಬೆರಳು.
ಹಿಂದಿನ ಬೆಂಚಿನಿಂದ ಲೆಶೆಕ್ ಕೇಳಿದ್ದ,
'ಯಾರ ಗೇಣು ಟೀಚರ್? ನಿಮ್ಮದೋ ನನ್ನದೋ?'
ತರಗತಿ ನಕ್ಕಿತ್ತು. ನಾನು ಉತ್ತರ ಕೊಟ್ಟ ನೆನಪಿಲ್ಲ.

ಈಗ ಪಿಂಚಣಿ, ಮೊಣಕಾಲು ನೋವು,
ತಿಂಗಳಿಗೊಮ್ಮೆ ಈ ನೀಲಿ ಪೆಟ್ಟಿಗೆ.
ಆಸ್ಪತ್ರೆಯ ಹಿಂಬಾಗಿಲಲ್ಲಿ ಸಹಿ ಹಾಕಿಸಿಕೊಂಡು ಕೊಡುತ್ತಾರೆ:
ಯಾರದೋ ಸೊಂಟದ ಮೂಳೆಯಿಂದ
ಬೆಳಿಗ್ಗೆಯಷ್ಟೇ ಬಸಿದ ಮಜ್ಜೆ, ಒಂದು ತಂಬಿಗೆಯಷ್ಟು.
ಕೊಟ್ಟವರ ಹೆಸರಿಲ್ಲ, ಪಡೆಯುವವರದೂ ಇಲ್ಲ.
ಒಂದು ಸಂಖ್ಯೆ. ನಾಲ್ಕು ಡಿಗ್ರಿ ತಂಪು.

ಪೆಟ್ಟಿಗೆ ಕೈಬಿಡಬಾರದು. ನಿದ್ದೆ ಹೋಗಬಾರದು.
ಒಂದು ಗುಟುಕು ವೈನೂ ಕೂಡದು.
ಜೀವ ಕೈಯಲ್ಲಿ ಹಿಡಿದು ಓಡಿದೆವು ಅಂತ
ಜನ ಸುಮ್ಮನೆ ಅನ್ನುತ್ತಾರೆ.
ನಾನು ಓಡುವುದಿಲ್ಲ.
ನೆಲ ಒದ್ದೆಯಿದ್ದರೆ ಇನ್ನೂ ನಿಧಾನ.

ವಿಮಾನ ನಿಲ್ದಾಣದಲ್ಲಿ, ಮೀಸೆ ಇನ್ನೂ ಸರಿಯಾಗಿ ಮೂಡದ ಹುಡುಗ
ಎಕ್ಸ್‌ರೇ ಪಟ್ಟಿಯ ಮೇಲಿಡಿ ಎಂದ.
ಆಗದು ಎಂದೆ. ಪತ್ರ ತೋರಿಸಿದೆ.
ಎರಡು ಸಲ ಓದಿದ, ತುಟಿಯಾಡಿಸಿಕೊಂಡು.
ಆಮೇಲೆ ಎರಡೂ ಕೈಯಲ್ಲಿ ಎತ್ತಿ ಆಚೆ ದಾಟಿಸಿದ,
ತುಂಬಿದ ಸಾರಿನ ಪಾತ್ರೆಯನ್ನು ದಾಟಿಸುವ ಹಾಗೆ.

ಎರಡು ಸಾವಿರದ ಏಳುನೂರು ಚಿಲ್ಲರೆ ಕಿಲೋಮೀಟರು.
ನಾಲ್ಕು ಗಂಟೆ ಹತ್ತು ನಿಮಿಷ.
ರಸ್ತೆ ಹಿಡಿದರೆ ಲಾರಿಯವರಿಗೆ ಮೂರು ಹಗಲು;
ಮಜ್ಜೆಗೆ ಅಷ್ಟು ಹೊತ್ತು ಇಲ್ಲ.

ಪಕ್ಕದವನು ಅದೆರಿತು, ಟೈಲ್ಸ್ ಕೂರಿಸುವವನು.
ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಸಿಮೆಂಟು.
ತಂಗಿಯ ಮಗುವಿಗೆ ನಾಮಕರಣ, ಊರಿಗೆ ಹೊರಟಿದ್ದ.
ನನ್ನ ಪಾದಗಳ ನಡುವೆ ನೋಡಿ, 'ಮೀನೇ?' ಎಂದ.
ಮೀನಲ್ಲ ಎಂದೆ.
'ಹಾಗಾದರೆ ಕೇಕು.'
ಹೂಂ ಎಂದೆ.
ಪಿರನೀಸ್ ಬೆಟ್ಟಗಳ ಮೇಲೆ ವಿಮಾನ ಕುಲುಕಿತು.
ಅವನು ನನ್ನ ತೋಳು ಹಿಡಿದ,
ನಾನು ಪೆಟ್ಟಿಗೆ ಹಿಡಿದೆ,
ಒಳಗೆ ಅದು
ಯಾರನ್ನೂ ಹಿಡಿಯದೆ ತೂಗಿತು.

ಅದಕ್ಕೂ ದಾರಿ ಗೊತ್ತಂತೆ. ಡಾಕ್ಟರು ಹೇಳಿದ್ದರು:
ನೆತ್ತರಿಗೆ ಬಿಟ್ಟರೆ ಸಾಕು,
ತಾನೇ ಹುಡುಕಿಕೊಂಡು ಹೋಗಿ
ಮೂಳೆಯೊಳಗೆ ಮನೆ ಹೂಡುತ್ತದಂತೆ,
ನಕ್ಷೆಯಿಲ್ಲದೆ, ಯಾರನ್ನೂ ಕೇಳದೆ.
'ನನ್ನ ಮೂವತ್ತೊಂದು ವರ್ಷ ದಂಡವಾಯಿತಲ್ಲ!' ಎಂದಿದ್ದೆ.
ಅವರು ನಗಲಿಲ್ಲ. ಅವಸರದಲ್ಲಿದ್ದರು.

ಲಿಸ್ಬನ್ನು ನಮಗಿಂತ ಒಂದು ಗಂಟೆ ಹಿಂದೆ.
ಏಳಕ್ಕೆ ಹೊರಟು ಹತ್ತು ಹತ್ತಕ್ಕೆ ಇಳಿದೆವು.
ಗಡಿಯಾರದ ಲೆಕ್ಕಕ್ಕೆ ಮೂರು ಗಂಟೆ,
ನನ್ನ ಮೊಣಕಾಲಿನ ಲೆಕ್ಕಕ್ಕೆ ನಾಲ್ಕು.
ನಡುವೆ ಉಳಿದ ಆ ಒಂದು ಗಂಟೆ
ಯಾರ ಪಾಲಿಗೆ?
ಪೆಟ್ಟಿಗೆಯ ಜೊತೆಗೇ ಕೊಟ್ಟುಬಿಡೋಣ ಎಂದುಕೊಂಡೆ;
ಸಹಿಯ ಕಾಗದದಲ್ಲಿ ಅದಕ್ಕೆ ಜಾಗವಿರಲಿಲ್ಲ.

ದಾದಿ ಗ್ರಾಸಿಂಡಾ ಉಷ್ಣಮಾಪಕ ನೋಡಿದಳು,
ಸಂಖ್ಯೆ ನೋಡಿದಳು, ಕೊನೆಗೆ ನನ್ನನ್ನು.
'ಒಬ್ರಿಗಾದಾ.' ಬಾಗಿಲು ತಾನಾಗಿ ಮುಚ್ಚಿಕೊಂಡಿತು.
ಅದರಾಚೆ ಎಲ್ಲೋ, ಕೂಗಳತೆಯಲ್ಲೇ,
ಯಾರೋ ಎಚ್ಚರವಾಗಿ ಮಲಗಿದ್ದಾರೆ.
ಕೂಗುವಂತಿಲ್ಲ.

ಇಳಿಜಾರು ಬೀದಿಯ ಅಂಗಡಿಯೊಂದು
ಇನ್ನೂ ಕುರ್ಚಿ ಎತ್ತಿಟ್ಟಿರಲಿಲ್ಲ.
ಈಗ ಅಡ್ಡಿಯಿಲ್ಲ, ಒಂದು ಲೋಟ ವೈನು ಎಂದೆ.
ಬಂತು.
ಬಲಗೈ ಮಾತ್ರ ಇನ್ನೂ ಮಡಚಿಕೊಂಡೇ ಇತ್ತು,
ಇಲ್ಲದ ಹಿಡಿಕೆಯ ಸುತ್ತ.
ಒಂದೊಂದೇ ಬೆರಳು ಬಿಚ್ಚಿ
ಮೇಜಿನ ಮೇಲೆ ಹರಡಿ ನೋಡಿದೆ:

ಲೆಶೆಕ್,
ನನ್ನದು ಸ್ವಲ್ಪ ಕುಗ್ಗಿದೆ ಕಣೋ.